ಅಭಿಮಾನಿಗಳ ಹಣ ರೇಸ್ ಟ್ರ್ಯಾಕಿನ ಗೇಟಿಗೆ ತಲುಪುತ್ತಿಲ್ಲ

ಮಾನ್ಯ ಸಂಪಾದಕರೇ,

ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್‌ನಲ್ಲಿ ನಡೆಯುವ ಫಾರ್ಮುಲಾ ಒನ್ ರೇಸಿಗೆ 2026ನೇ ವರ್ಷವೇ ಕೊನೆ ಎಂದು ಅದರ ಸಂಘಟಕರು 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದಾಗ ಆ ಸುದ್ದಿ ನಮ್ಮಲ್ಲಿ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಸಮುದ್ರದಂಡೆಯ ಮರಳು ದಿಬ್ಬಗಳ ನಡುವೆ 1948ರಿಂದ ಇರುವ ಈ ಹಳೆಯ ಟ್ರ್ಯಾಕಿಗೆ 2021ರಲ್ಲಿ ಫಾರ್ಮುಲಾ ಒನ್ ಮರಳಿದ ಮೇಲೆ, ಆ ದೇಶದ ಚಾಲಕ ಮ್ಯಾಕ್ಸ್ ವರ್ಸ್ಟಾಪನ್ ಹೆಸರಿನಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಅಭಿಮಾನಿಗಳು ಲಕ್ಷದ ಲೆಕ್ಕದಲ್ಲಿ ಬಂದು ಸ್ಟ್ಯಾಂಡ್‌ಗಳನ್ನು ತುಂಬಿಸಿದ್ದರು. ಇಷ್ಟಿದ್ದರೂ ಸಂಘಟಕರು ತಾವಾಗಿಯೇ ಹಿಂದೆ ಸರಿದರು. ಸರ್ಕಾರದ ಧನಸಹಾಯವಿಲ್ಲದೆ, ಬಹುಮಟ್ಟಿಗೆ ಟಿಕೆಟ್ ಮಾರಾಟದ ಹಣವನ್ನೇ ನಂಬಿ ನಡೆಯುವ ರೇಸಿನಲ್ಲಿ ಒಂದು ವರ್ಷ ಜನ ಕಡಿಮೆಯಾದರೂ ನಷ್ಟವನ್ನು ತುಂಬಿಕೊಡುವವರು ಯಾರೂ ಇರುವುದಿಲ್ಲ ಎಂಬ ಲೆಕ್ಕಾಚಾರ ಅವರದು. ಸ್ಟ್ಯಾಂಡ್ ತುಂಬಿರುವಾಗಲೇ ಬಾಗಿಲು ಹಾಕುವ ಸ್ಥಿತಿ ಬಂದಿದೆ ಎಂದರೆ, ಮೋಟಾರ್ ರೇಸಿನ ಅಭಿಮಾನಿಗಳು ತಮ್ಮ ಹಣವನ್ನು ಎಲ್ಲಿ, ಹೇಗೆ ಖರ್ಚು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ನಾವು ಗಂಭೀರವಾಗಿ ಕೇಳಿಕೊಳ್ಳಬೇಕಾಗಿದೆ. ಈ ವಿಚಾರವಾಗಿ ನನ್ನ ಕೆಲವು ಮಾತುಗಳನ್ನು ನಿಮ್ಮ ಓದುಗರ ಮುಂದಿಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ಮೊದಲು ಹಣದ ದಾರಿಯನ್ನು ತಿಳಿಯಬೇಕು. ಫಾರ್ಮುಲಾ ಒನ್ ರೇಸನ್ನು ತಮ್ಮಲ್ಲಿ ನಡೆಸಲು ಟ್ರ್ಯಾಕಿನವರು 2017ರಿಂದ ಲಿಬರ್ಟಿ ಮೀಡಿಯಾ ಒಡೆತನದಲ್ಲಿರುವ ಫಾರ್ಮುಲಾ ಒನ್ ಸಂಸ್ಥೆಗೆ ಪ್ರತಿ ವರ್ಷ ದೊಡ್ಡ ಮೊತ್ತದ ಶುಲ್ಕ ಕಟ್ಟಬೇಕು. ಟಿ.ವಿ. ಪ್ರಸಾರದ ಹಕ್ಕಿನ ಹಣ ಟ್ರ್ಯಾಕಿಗೆ ಬರುವುದಿಲ್ಲ. ಟ್ರ್ಯಾಕಿನ ಅಂಚಿನಲ್ಲಿ ಕಾಣುವ ಜಾಹೀರಾತುಗಳ ಹಣವೂ, ಶ್ರೀಮಂತ ಅತಿಥಿಗಳ ಪ್ಯಾಡಾಕ್ ಕ್ಲಬ್ಬಿನ ಹಣವೂ ಬಹುಪಾಲು ಮೇಲಿನ ಸಂಸ್ಥೆಗೇ ಹೋಗುತ್ತದೆ. ಟ್ರ್ಯಾಕಿನವರ ಕೈಯಲ್ಲಿ ಉಳಿಯುವುದು ಟಿಕೆಟ್, ವಾಹನ ನಿಲುಗಡೆ, ಡೇರೆ ಹಾಕಿಕೊಳ್ಳುವವರ ಬಾಡಿಗೆ, ಊಟ-ತಿಂಡಿಯ ಮಳಿಗೆಗಳ ಆದಾಯ ಇಷ್ಟೇ. ಹಿಂದೆ ಕಂಪನಿ ನಾಟಕದವರು ಆ ರಾತ್ರಿಯ ಗೇಟ್ ಕಲೆಕ್ಷನ್ ನೋಡಿಕೊಂಡು ಆ ಊರಿನಲ್ಲಿ ಇನ್ನೆಷ್ಟು ದಿನ ಇರಬೇಕೆಂದು ತೀರ್ಮಾನಿಸುತ್ತಿದ್ದಂತೆ, ಹಳೆಯ ಟ್ರ್ಯಾಕುಗಳು ಇಂದಿಗೂ ಗೇಟಿನಲ್ಲಿ ಬಂದ ದುಡ್ಡನ್ನು ಎಣಿಸಿಯೇ ಮುಂದಿನ ವರ್ಷದ ಮಾತಾಡುತ್ತವೆ. ಸರ್ಕಾರಗಳೇ ಹಣ ಸುರಿದು ಕಟ್ಟಿಸಿದ ಹೊಸ ಟ್ರ್ಯಾಕುಗಳಿಗೆ ಈ ಚಿಂತೆಯಿಲ್ಲ.

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್‌ನ ಮೊತ್ತಮೊದಲ ರೇಸ್ ನಡೆದದ್ದು 1950ರ ಮೇ 13ರಂದು, ಎರಡನೇ ಮಹಾಯುದ್ಧದ ಕಾಲದ ವಿಮಾನ ನಿಲ್ದಾಣವಾಗಿದ್ದ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಅಂಥ ಚರಿತ್ರೆಯ ಟ್ರ್ಯಾಕ್ ಕೂಡ 2017ರಲ್ಲಿ ತನ್ನ ಒಪ್ಪಂದವನ್ನು ಅರ್ಧಕ್ಕೇ ಮುಗಿಸುವ ನೋಟಿಸ್ ಕೊಟ್ಟಿತ್ತು ಎಂಬುದನ್ನು ಇಂದು ಅನೇಕರು ಮರೆತಿದ್ದಾರೆ. 2010ರಲ್ಲಿ 1.15 ಕೋಟಿ ಪೌಂಡ್ ಇದ್ದ ಶುಲ್ಕ, ವರ್ಷಕ್ಕೆ ಶೇ 5ರಂತೆ ಏರುವ ಕರಾರಿನಿಂದಾಗಿ 2017ರ ಹೊತ್ತಿಗೆ 1.62 ಕೋಟಿ ಪೌಂಡ್ ಮುಟ್ಟಿತ್ತು. ಬ್ರಿಟನ್ನಿನ ಕ್ರೀಡಾ ಜಗತ್ತಿನಲ್ಲೇ ಅತಿ ಹೆಚ್ಚು ಜನ ಸೇರುವ ಕೂಟಗಳಲ್ಲಿ ಒಂದಾಗಿದ್ದರೂ ಟ್ರ್ಯಾಕಿನ ಒಡೆಯರಾದ ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್‌ಗೆ 2015ರಲ್ಲಿ 28 ಲಕ್ಷ ಪೌಂಡ್, 2016ರಲ್ಲಿ 48 ಲಕ್ಷ ಪೌಂಡ್ ನಷ್ಟವಾಯಿತು. 2019ರಲ್ಲಿ ಹೊಸ ಒಪ್ಪಂದ ಆಗಿರದಿದ್ದರೆ ಸಿಲ್ವರ್‌ಸ್ಟೋನ್ ಇಂದು ಫಾರ್ಮುಲಾ ಒನ್ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಆಮೇಲೆ ಅದು ಉಳಿದುಕೊಂಡ ರೀತಿಯನ್ನೂ ನೋಡಬೇಕು. ಒಂದು ಭಾನುವಾರದ ರೇಸನ್ನು ನಾಲ್ಕು ದಿನಗಳ ಜಾತ್ರೆಯಾಗಿ ಮಾಡಿ, ಸಂಗೀತ ಕಾರ್ಯಕ್ರಮಗಳನ್ನು ಸೇರಿಸಿ, ಅಲ್ಲೇ ಡೇರೆ ಹಾಕಿ ಉಳಿಯುವ ಕುಟುಂಬಗಳನ್ನು ಕರೆತಂದು, 2023ರಲ್ಲಿ ವಾರಾಂತ್ಯದ ಒಟ್ಟು ಪ್ರೇಕ್ಷಕರ ಸಂಖ್ಯೆಯನ್ನು 4.80 ಲಕ್ಷಕ್ಕೆ ಮುಟ್ಟಿಸಿತು. ಟಿಕೆಟ್ ದರವೂ ಅದರ ಜೊತೆಗೇ ಏರಿತು. ತಂದೆ-ತಾಯಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಬೇಕಾದರೆ ಒಂದು ಸಣ್ಣ ಪ್ರವಾಸಕ್ಕಾಗುವಷ್ಟು ಹಣ ತೆಗೆದಿಡಬೇಕೆಂಬ ದೂರು ಅಲ್ಲಿನ ಜನರಿಂದಲೇ ಕೇಳಿಬರುತ್ತಿದೆ. ಟ್ರ್ಯಾಕ್ ಉಳಿಯಿತು ಎಂಬ ಸಂತೋಷದ ಜೊತೆಗೆ, ಹಿಂದಿನಿಂದ ಬರುತ್ತಿದ್ದ ಸಾಮಾನ್ಯ ಪ್ರೇಕ್ಷಕ ಉಳಿದಿದ್ದಾನೆಯೇ ಎಂಬ ಆತಂಕವೂ ನನಗಿದೆ.

ಜರ್ಮನಿಯ ಕಥೆ ಇದಕ್ಕಿಂತ ಹೆಚ್ಚು ನೋವಿನದು. ನನ್ನ ಮಟ್ಟಿಗೆ ಈ ಪತ್ರದ ತಿರುಳೇ ಅದು. ಜರ್ಮನ್ ಚಾಲಕ ಮೈಕೆಲ್ ಶುಮಾಕರ್ ಗೆಲ್ಲುತ್ತಿದ್ದ ಕಾಲದಲ್ಲಿ ಆ ದೇಶ ವರ್ಷಕ್ಕೆ ಎರಡು ಫಾರ್ಮುಲಾ ಒನ್ ರೇಸ್‌ಗಳನ್ನು ನಡೆಸುತ್ತಿತ್ತು, ಹಾಕನ್‌ಹೈಮ್‌ನಲ್ಲಿ ಒಂದು, ನೂರ್ಬರ್ಗ್‌ರಿಂಗ್‌ನಲ್ಲಿ ಇನ್ನೊಂದು. ಎರಡಕ್ಕೂ ಜನ ಕಿಕ್ಕಿರಿಯುತ್ತಿದ್ದರು. ಶುಮಾಕರ್ ನಂತರವೂ ಜರ್ಮನ್ನರ ಗೆಲುವು ನಿಲ್ಲಲಿಲ್ಲ. 2010ರಿಂದ 2016ರವರೆಗಿನ ಏಳು ಚಾಂಪಿಯನ್‌ಶಿಪ್‌ಗಳಲ್ಲಿ ಸೆಬಾಸ್ಟಿಯನ್ ವೆಟೆಲ್ ನಾಲ್ಕನ್ನು, ನಿಕೊ ರೋಸ್‌ಬರ್ಗ್ ಒಂದನ್ನು ಗೆದ್ದರು. 2014ರಿಂದ ಸತತ ಎಂಟು ವರ್ಷ ತಂಡಗಳ ಪ್ರಶಸ್ತಿ ಮರ್ಸಿಡಿಸ್ ಪಾಲಾಯಿತು. ಆದರೆ 2014ರ ಜುಲೈ 20ರಂದು, ಜರ್ಮನಿ ಫುಟ್‌ಬಾಲ್ ವಿಶ್ವಕಪ್ ಗೆದ್ದ ಸರಿಯಾಗಿ ಒಂದು ವಾರಕ್ಕೆ, ಜರ್ಮನ್ ಚಾಲಕ ರೋಸ್‌ಬರ್ಗ್ ಜರ್ಮನ್ ಕಂಪನಿಯ ಕಾರಿನಲ್ಲಿ ಹಾಕನ್‌ಹೈಮ್‌ನಲ್ಲಿ ಗೆಲ್ಲುವುದನ್ನು ನೋಡಲು ಬಂದವರು ಸುಮಾರು 52 ಸಾವಿರ ಜನ ಮಾತ್ರ. ಶುಮಾಕರ್ ಕಾಲದಲ್ಲಿ ಲಕ್ಷ ದಾಟುತ್ತಿದ್ದ ಜಾಗ ಅದು. ಅಭಿಮಾನ ಸತ್ತಿರಲಿಲ್ಲ. 1991ರಿಂದ 2020ರವರೆಗೆ ಆರ್‌ಟಿಎಲ್ ವಾಹಿನಿ ಎಲ್ಲ ರೇಸ್‌ಗಳನ್ನೂ ಮನೆಮನೆಗೆ ಉಚಿತವಾಗಿ ತೋರಿಸುತ್ತಿತ್ತು. ಅದನ್ನು ನೋಡುವವರು ಲಕ್ಷಾಂತರ ಮಂದಿ ಇದ್ದರು. ಅವರ ಅಭಿಮಾನ ಟೋಪಿಯಾಗಿ, ಅಂಗಿಯಾಗಿ, ಆಟಿಕೆ ಕಾರಾಗಿ ಖರ್ಚಾಯಿತೇ ಹೊರತು ಟ್ರ್ಯಾಕಿನ ಗೇಟಿನವರೆಗೆ ಬರಲಿಲ್ಲ.

ಇದರ ಫಲವನ್ನು ಉಂಡವರು ಆ ಊರುಗಳವರು. ಹಾಕನ್‌ಹೈಮ್ ಇಪ್ಪತ್ತು ಸಾವಿರದಷ್ಟು ಜನಸಂಖ್ಯೆಯ ಸಣ್ಣ ಊರು. ಆಗ ಟ್ರ್ಯಾಕಿನ ದೊಡ್ಡ ಪಾಲುದಾರ ಅಲ್ಲಿನ ಪುರಸಭೆಯೇ ಆಗಿತ್ತು. ರೇಸಿನಲ್ಲಿ ನಷ್ಟವಾದರೆ ಕುಡಿಯುವ ನೀರು, ಶಾಲೆ, ರಸ್ತೆಗೆ ಇಟ್ಟ ಹಣದಲ್ಲೇ ಅದನ್ನು ತುಂಬಬೇಕಾಗುತ್ತದೆ ಎಂದಾದಾಗ, ನಷ್ಟದ ಹೊಣೆ ಹೊತ್ತು ರೇಸ್ ನಡೆಸುವುದಿಲ್ಲ ಎಂದು ಅವರು ಖಚಿತವಾಗಿ ಹೇಳಿದ್ದು ಸರಿಯಾಗಿಯೇ ಇತ್ತು. ನೂರ್ಬರ್ಗ್‌ರಿಂಗ್‌ನ ಸ್ಥಿತಿ ಇನ್ನೂ ಕೆಟ್ಟದಾಯಿತು. 1927ರಿಂದ ಕಾಡಿನ ನಡುವೆ ಸುತ್ತುವ ಆ ಟ್ರ್ಯಾಕಿನ ಪಕ್ಕದಲ್ಲಿ ರಾಜ್ಯ ಸರ್ಕಾರದ ಹಣದಿಂದ ಮನರಂಜನಾ ಪಾರ್ಕು, ಹೋಟೆಲು, ಮಳಿಗೆಗಳನ್ನೆಲ್ಲ ಕಟ್ಟಲಾಯಿತು. ಅದಕ್ಕೆ ಬೇಕಾದಷ್ಟು ಜನ ಬರಲಿಲ್ಲ. 2012ರಲ್ಲಿ ಇಡೀ ಸಂಸ್ಥೆ ದಿವಾಳಿ ಎದ್ದಿತು. 2015ರಲ್ಲಿ, 1960ರ ಬಳಿಕ ಮೊದಲ ಬಾರಿಗೆ, ಜರ್ಮನಿಯ ನೆಲದಲ್ಲಿ ಒಂದೂ ಫಾರ್ಮುಲಾ ಒನ್ ರೇಸ್ ನಡೆಯಲಿಲ್ಲ. 2019ರಲ್ಲಿ ಹಾಕನ್‌ಹೈಮ್‌ನ ರೇಸಿಗೆ ಮರ್ಸಿಡಿಸ್ ಕಂಪನಿಯೇ ಮುಖ್ಯ ಪ್ರಾಯೋಜಕನಾಗಿ ನಿಲ್ಲಬೇಕಾಯಿತು. 2020ರಲ್ಲಿ ಕೋವಿಡ್ ಕಾಲದ ಬದಲಿ ವ್ಯವಸ್ಥೆಯಾಗಿ ನೂರ್ಬರ್ಗ್‌ರಿಂಗ್‌ಗೆ ಒಮ್ಮೆ ಅವಕಾಶ ಸಿಕ್ಕಿದ್ದು ಬಿಟ್ಟರೆ ಆಮೇಲೆ ಆ ದೇಶದಲ್ಲಿ ಫಾರ್ಮುಲಾ ಒನ್ ಇಲ್ಲ. 2021ರಿಂದ ಪ್ರಸಾರವೂ ಹಣ ಕಟ್ಟಿ ನೋಡುವ ವಾಹಿನಿಗೆ ಹೋಯಿತು. ಉಚಿತವಾಗಿ ನೋಡುತ್ತಿದ್ದವರಲ್ಲಿ ದೊಡ್ಡ ಭಾಗ ಅಲ್ಲಿಗೆ ನೋಡುವುದನ್ನೇ ಬಿಟ್ಟಿತು. ಮೊದಲು ಗೇಟು ಬಡವಾಯಿತು, ನಂತರ ಪರದೆಯೂ ಖಾಲಿಯಾಯಿತು. ಒಬ್ಬ ವೀರನ ಹಿಂದೆ ಬಂದ ಜನ ಅವನು ಹೋದ ಮೇಲೆ ಮನೆಗೆ ಹೋಗುತ್ತಾರೆ ಎಂಬುದನ್ನು ಶುಮಾಕರ್ ನಂತರದ ಜರ್ಮನಿಯಲ್ಲಿ ಕಂಡಿದ್ದರಿಂದಲೇ ವರ್ಸ್ಟಾಪನ್ ಇನ್ನೂ ಓಡಿಸುತ್ತಿರುವಾಗಲೇ ಜಾಂಡ್‌ವೂರ್ಟ್‌ನವರು ಎಚ್ಚೆತ್ತಿರಬೇಕೆಂದು ನನಗನ್ನಿಸುತ್ತದೆ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಇದೇ ಸಮಸ್ಯೆಗೆ ಬೇರೆಯೇ ಮದ್ದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. 1909ರಲ್ಲಿ ಕಟ್ಟಿದ, 1911ರಿಂದ 500 ಮೈಲಿಯ ರೇಸ್ ನಡೆಯುವ ಆ ಟ್ರ್ಯಾಕಿನವರು, ಟಿಕೆಟ್‌ಗಳು ಪೂರ್ತಿ ಮಾರಾಟವಾಗದ ವರ್ಷ ಸುತ್ತಲಿನ ಊರುಗಳ ಟಿ.ವಿ.ಯಲ್ಲಿ ರೇಸಿನ ನೇರ ಪ್ರಸಾರಕ್ಕೆ ಬಿಡುವುದಿಲ್ಲ. ದೇಶದ ಉಳಿದ ಭಾಗವೆಲ್ಲ ನೇರವಾಗಿ ನೋಡುವಾಗ ಆ ಊರಿನವರು ಸಂಜೆಯ ಮರುಪ್ರಸಾರಕ್ಕಾಗಿ ಕಾಯಬೇಕು, ಇಲ್ಲವೇ ಟಿಕೆಟ್ ಕೊಂಡು ಹೋಗಬೇಕು. 2016ರಲ್ಲಿ ನೂರನೇ ರೇಸಿಗೆ ಎಲ್ಲ ಟಿಕೆಟ್ ಮಾರಾಟವಾದಾಗ ನಿರ್ಬಂಧ ಸಡಿಲಿಸಿದರು. ಕೋವಿಡ್‌ನ ಎರಡು ವರ್ಷ ಬಿಟ್ಟರು. 2025ರಲ್ಲಿ ಸ್ಟ್ಯಾಂಡ್‌ಗಳು ಭರ್ತಿಯಾದಾಗ ಮತ್ತೆ ಬಿಟ್ಟರು. ಕಾಯಿಲೆಯಿಂದ ಮನೆಯಲ್ಲಿರುವ ವೃದ್ಧ ಅಭಿಮಾನಿಯ ದೃಷ್ಟಿಯಿಂದ ನೋಡಿದರೆ ಇದು ನಿಷ್ಠುರವಾದ ನಿಯಮ. ಆದರೆ ಅದೇ ಟ್ರ್ಯಾಕಿನವರು ಪ್ರೇಕ್ಷಕರಿಗೆ ಮನೆಯಿಂದಲೇ ಊಟ, ಪಾನೀಯಗಳ ಪೆಟ್ಟಿಗೆ ಹೊತ್ತು ತರಲು ಅನುಮತಿ ಕೊಡುತ್ತಾರೆ ಎಂಬುದನ್ನೂ ಜೊತೆಗಿಟ್ಟು ನೋಡಬೇಕು. ಹೊರಗಿನ ನೀರಿನ ಬಾಟಲಿಯನ್ನೂ ಬಾಗಿಲಲ್ಲೇ ಕಸಿದುಕೊಂಡು ಒಳಗೆ ನಾಲ್ಕು ಪಟ್ಟು ಬೆಲೆಗೆ ಮಾರುವ ನಮ್ಮ ಕ್ರೀಡಾಂಗಣಗಳಲ್ಲಿ ಕುಳಿತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಬರಲೇಬೇಕೆಂದು ಒತ್ತಾಯಿಸುವವರು ಬಂದವರ ಜೇಬನ್ನು ಪೂರ್ತಿ ಬರಿದು ಮಾಡುವುದಿಲ್ಲ ಎಂಬ ನಂಬಿಕೆ ಇದ್ದಾಗ ಮೂರು ತಲೆಮಾರು ಒಟ್ಟಿಗೆ ರೇಸ್ ನೋಡಲು ಬರುತ್ತದೆ.

ಅದೇ ದೇಶದ ಸಣ್ಣ ಟ್ರ್ಯಾಕುಗಳು ಇನ್ನೊಂದು ಪಾಠ ಹೇಳುತ್ತವೆ. ಶನಿವಾರ ರಾತ್ರಿಗಳಲ್ಲಿ ಊರಿನ ಮೆಕ್ಯಾನಿಕ್ಕುಗಳು, ರೈತರು, ಅಂಗಡಿಯವರು ತಾವೇ ಕಟ್ಟಿದ ಕಾರುಗಳನ್ನು ಓಡಿಸುವ ಅರ್ಧ ಮೈಲಿ, ಕಾಲು ಮೈಲಿಯ ಟ್ರ್ಯಾಕುಗಳು ಅಲ್ಲಿ ನೂರಾರು ಇವೆ. ಅವುಗಳಿಗೆ ಎರಡು ಗೇಟುಗಳು. ಮುಂದಿನ ಗೇಟಿನಲ್ಲಿ ಪ್ರೇಕ್ಷಕರು ಟಿಕೆಟ್ ಕೊಳ್ಳುತ್ತಾರೆ. ಹಿಂದಿನ ಗೇಟಿನಲ್ಲಿ ಚಾಲಕರು, ಅವರ ಮೆಕ್ಯಾನಿಕ್ಕುಗಳು, ಹೆಂಡತಿ-ಮಕ್ಕಳು ಪಿಟ್‌ಗೆ, ಎಂದರೆ ಕಾರುಗಳನ್ನು ಸಿದ್ಧಪಡಿಸುವ ಜಾಗಕ್ಕೆ, ಹೋಗುವ ಪಿಟ್ ಪಾಸ್ ಕೊಳ್ಳುತ್ತಾರೆ, ಅದರ ಬೆಲೆ ಅನೇಕ ಕಡೆ ಪ್ರೇಕ್ಷಕರ ಟಿಕೆಟ್ಟಿಗಿಂತ ಹೆಚ್ಚು. ಮುಂದಿನ ಗೇಟು ಸೊರಗಿದಾಗ ಟ್ರ್ಯಾಕು ಹಿಂದಿನ ಗೇಟಿನ ಹಣದಲ್ಲಿ ಉಸಿರಾಡುತ್ತದೆ, ಎಂದರೆ ಆಡುವವರೇ ಆಟದ ಖರ್ಚನ್ನೂ ಹೊರುತ್ತಾರೆ. ಟೈರು, ಪೆಟ್ರೋಲು ದುಬಾರಿಯಾಗಿ ಅವರೂ ಕಡಿಮೆಯಾದರೆ ಆ ಜಾಗ ಮನೆ ಕಟ್ಟುವವರ ಪಾಲಾಗುತ್ತದೆ. ಈಚೆಗೆ ಇಂಥ ರೇಸ್‌ಗಳನ್ನೂ ತಿಂಗಳ ಚಂದಾ ಕಟ್ಟಿ ಮೊಬೈಲ್‌ನಲ್ಲಿ ನೋಡುವ ವ್ಯವಸ್ಥೆ ಬಂದಿದೆ. ದೂರದ ಊರಿನ ಅಭಿಮಾನಿಗೆ ಇದು ಉಪಕಾರ. ಆದರೆ ಹತ್ತು ಮೈಲಿ ದೂರದಲ್ಲಿರುವವರೂ ಮಳೆ ಬಂದೀತೆಂದು ಮನೆಯಲ್ಲೇ ಕುಳಿತು ನೋಡಿದರೆ ಟ್ರ್ಯಾಕು ಕಳೆದುಕೊಳ್ಳುವುದು ಟಿಕೆಟ್ಟಿನ ಹಣವನ್ನು ಮಾತ್ರವಲ್ಲ, ಅವರು ಅಲ್ಲಿ ತಿನ್ನುತ್ತಿದ್ದ ತಿಂಡಿಯ ಹಣವನ್ನೂ ಕಳೆದುಕೊಳ್ಳುತ್ತದೆ.

ಇದಕ್ಕೆ ಎದುರಾಗಿ, ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂ ನಗರದ ಬೋಮನ್ ಗ್ರೇ ಕ್ರೀಡಾಂಗಣ ಇದೆ. ಫುಟ್‌ಬಾಲ್ ಮೈದಾನದ ಸುತ್ತ ಇರುವ ಕಾಲು ಮೈಲಿಯ ಈ ಟ್ರ್ಯಾಕಿನಲ್ಲಿ 1949ರಿಂದ, ಅಮೆರಿಕದಲ್ಲಿ ಸ್ಟಾಕ್ ಕಾರ್ ರೇಸ್‌ಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯ ವಾರದ ರೇಸ್‌ಗಳು ನಡೆಯುತ್ತಿವೆ. ಟಿಕೆಟ್ ಬೆಲೆಯನ್ನು ಸಾಮಾನ್ಯ ಕುಟುಂಬದ ಕೈಗೆ ಎಟುಕುವಂತೆ ಇಟ್ಟಿರುವುದರಿಂದ ಶನಿವಾರದ ರಾತ್ರಿ ಸಾವಿರಾರು ಜನ ಸೇರುತ್ತಾರೆ. ಅದೇ ರಾಜ್ಯದ ನಾರ್ತ್ ವಿಲ್ಕ್ಸ್‌ಬರೊ ಟ್ರ್ಯಾಕಿನ ಹಣೆಬರಹ ಬೇರೆಯಾಗಿತ್ತು. 1947ರಲ್ಲಿ ಆರಂಭವಾಗಿ, 1949ರಲ್ಲಿ ನಾಸ್ಕಾರ್‌ನ ಮೊದಲ ಋತುವಿನಲ್ಲೇ ರೇಸ್ ನಡೆಸಿದ್ದ ಆ ಟ್ರ್ಯಾಕನ್ನು ಇಬ್ಬರು ದೊಡ್ಡ ಉದ್ಯಮಿಗಳು ಅರ್ಧರ್ಧ ಕೊಂಡು, ಅದಕ್ಕಿದ್ದ ಎರಡು ರೇಸ್‌ಗಳ ದಿನಾಂಕಗಳನ್ನು ತಮ್ಮ ಟೆಕ್ಸಸ್ ಹಾಗೂ ನ್ಯೂ ಹ್ಯಾಂಪ್‌ಶೈರ್‌ನ ದೊಡ್ಡ ಟ್ರ್ಯಾಕುಗಳಿಗೆ ಒಯ್ದರು. 1996ರ ಸೆಪ್ಟೆಂಬರ್‌ನಲ್ಲಿ ಜೆಫ್ ಗಾರ್ಡನ್ ಗೆದ್ದ ರೇಸಿನ ನಂತರ ಅಲ್ಲಿ ಹುಲ್ಲು ಬೆಳೆಯಿತು. ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು ನೋಡುವ ಸಿರಿವಂತ ಪ್ರೇಕ್ಷಕ ಒಬ್ಬನಿಂದ ಬರುವ ಹಣ, ಹಲಗೆಯ ಮೇಲೆ ಕುಳಿತ ಹತ್ತಾರು ಜನರಿಂದ ಬರುವ ಹಣಕ್ಕಿಂತ ಹೆಚ್ಚು ಎಂಬ ಲೆಕ್ಕದ ಮುಂದೆ ಊರಿನವರ ನಿಷ್ಠೆ ಸೋತಿತು. 2023ರಲ್ಲಿ ನಾಸ್ಕಾರ್‌ನ ಆಲ್ ಸ್ಟಾರ್ ರೇಸ್ ಅಲ್ಲಿಗೆ ಬಂದದ್ದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಅದಕ್ಕೆ ಕೋವಿಡ್ ಪರಿಹಾರ ನಿಧಿಯಿಂದ 1.8 ಕೋಟಿ ಡಾಲರ್ ಸಾರ್ವಜನಿಕ ಹಣ ಬೇಕಾಯಿತು, ನಡುವೆ ಇಪ್ಪತ್ತಾರು ವರ್ಷಗಳು ಕಳೆದುಹೋದವು.

ಫಾರ್ಮುಲಾ ಒನ್‌ನಲ್ಲಿಯೂ ಈಗ ನಡೆಯುತ್ತಿರುವುದು ಇದೇ. 2023ರಲ್ಲಿ ಲಾಸ್ ವೇಗಸ್ ನಗರದ ಬೀದಿಗಳಲ್ಲಿ ರೇಸ್ ಆರಂಭಿಸಲು ಫಾರ್ಮುಲಾ ಒನ್ ಸಂಸ್ಥೆ ಪಿಟ್ ಕಟ್ಟಡದ ಜಾಗಕ್ಕಾಗಿಯೇ 24 ಕೋಟಿ ಡಾಲರ್ ಕೊಟ್ಟಿತು. ಬೆಲ್ಜಿಯಂನ ಸ್ಪಾ ಟ್ರ್ಯಾಕಿಗೆ 2028 ಮತ್ತು 2030ರಲ್ಲಿ ರೇಸ್ ಇಲ್ಲವೆಂದು ಒಪ್ಪಂದದಲ್ಲೇ ಬರೆದಾಗಿದೆ. ಕಾಡಿನ ಇಳಿಜಾರಿನಲ್ಲಿ ಮಳೆಗೆ ನೆನೆಯುತ್ತ ನೋಡುವವರ ಹಣಕ್ಕಿಂತ ಹೋಟೆಲಿನ ಬಾಲ್ಕನಿಯಿಂದ ನೋಡುವವರ ಹಣಕ್ಕೆ ತೂಕ ಹೆಚ್ಚಾಗಿದೆ.

ಇನ್ನು ನಮ್ಮ ದೇಶದ ಮಾತು. ಮದರಾಸಿನ ಬಳಿಯ ಶೋಳಾವರಂನಲ್ಲಿ ಯುದ್ಧಕಾಲದ ಹಳೆಯ ರನ್‌ವೇ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ದಶಕಗಳ ಕಾಲ ರೇಸ್ ನಡೆಸಿದರು. ಬೆಂಗಳೂರು, ಕೊಯಮತ್ತೂರು, ಬೊಂಬಾಯಿ, ಕಲ್ಕತ್ತಗಳಿಂದ ಕಾರು-ಬೈಕುಗಳನ್ನು ತರುತ್ತಿದ್ದ ಆ ಕೂಟ ದಕ್ಷಿಣದ ರೇಸ್ ಪ್ರಿಯರಿಗೆ ವರ್ಷದ ಹಬ್ಬವಾಗಿತ್ತು. ಆ ಕ್ಲಬ್ಬು ತನ್ನದೇ ಜಾಗದಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕನ್ನು ಕಟ್ಟಿ 1990ರಲ್ಲಿ ಆರಂಭಿಸಿತು. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ ಬಳಸಿ ಒಂದೇ ಆಸನದ ರೇಸ್ ಕಾರು ರೂಪಿಸಿದ್ದರಿಂದಲೇ ಫಾರ್ಮುಲಾ ಮಾರುತಿ ಎಂಬ ಅಗ್ಗದ ದರ್ಜೆ ಹುಟ್ಟಿತು. ಅದರಲ್ಲಿ ಕಲಿತ ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಫಾರ್ಮುಲಾ ಒನ್ ತಲುಪಿದ ಮೊದಲ ಭಾರತೀಯರಾದರು. ಕರಿವರ್ಧನ್ ಹೆಸರಿನ ಟ್ರ್ಯಾಕು 2003ರಿಂದ ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿದೆ. ಇವೆರಡೂ ಬೆಂಗಳೂರಿನಿಂದ ಒಂದು ಹಗಲಿನ ಪ್ರಯಾಣದ ದೂರದಲ್ಲಿವೆ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ದಿನ ಅಲ್ಲಿನ ಸ್ಟ್ಯಾಂಡಿನಲ್ಲಿ ಕುಳಿತು ಸುತ್ತ ನೋಡಿದರೆ ಕಾಣುವವರು ಚಾಲಕರ ಬಂಧುಗಳು, ಪ್ರಾಯೋಜಕ ಕಂಪನಿಯ ಸಿಬ್ಬಂದಿ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಹುಡುಗರು. ಹಣ ಕೊಟ್ಟು ನೋಡಲೆಂದೇ ಬಂದವರನ್ನು ಹುಡುಕಬೇಕು. ಈ ರೇಸ್‌ಗಳು ಇಂದು ನಡೆಯುತ್ತಿದ್ದರೆ ಅದಕ್ಕೆ ಟೈರ್ ಕಂಪನಿಗಳ ಒಲವು ಹಾಗೂ ಚಾಲಕರ ಕುಟುಂಬಗಳ ಉಳಿತಾಯ ಕಾರಣ. ಕಂಪನಿಯ ಮಂಡಳಿ ಒಂದು ವರ್ಷ ಮನಸ್ಸು ಬದಲಿಸಿದರೆ ಇಡೀ ದರ್ಜೆಯೇ ನಿಂತುಹೋಗುವಷ್ಟು ತೆಳುವಾದ ಆಧಾರವಿದು.

ಬೆಂಗಳೂರಿನಲ್ಲಿ ಅಭಿಮಾನಿಗಳಿಗೆ ಬರವಿಲ್ಲ. ಒಟಿಟಿಯ ಸರಣಿ ನೋಡಿ ಫಾರ್ಮುಲಾ ಒನ್‌ಗೆ ಮನಸೋತ ಯುವಕ ಯುವತಿಯರು ಭಾನುವಾರ ಸಂಜೆ ದೊಡ್ಡ ಪರದೆಯಲ್ಲಿ ರೇಸ್ ತೋರಿಸುವ ಹೋಟೆಲುಗಳಲ್ಲಿ ಮೇಜು ಕಾದಿರಿಸುತ್ತಾರೆ. ತಂಡದ ಟೋಪಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ. ಸಿಂಗಪುರಕ್ಕೋ ಅಬುಧಾಬಿಗೋ ಹೋಗಿ ರೇಸ್ ನೋಡಿ ಬರುವವರೂ ಇದ್ದಾರೆ. ಅದು ಅವರು ದುಡಿದ ಹಣ, ಅವರ ಸಂತೋಷ. ಅದನ್ನು ತಪ್ಪೆನ್ನುವ ಅಧಿಕಾರ ನನಗಿಲ್ಲ, ಆ ಉದ್ದೇಶವೂ ಇಲ್ಲ. ಆದರೆ ಆ ಖರ್ಚಿನಲ್ಲಿ ಒಂದು ರೂಪಾಯಿಯೂ ಭಾರತದ ಯಾವ ಟ್ರ್ಯಾಕಿಗೂ, ಯಾವ ಮೆಕ್ಯಾನಿಕ್ಕಿಗೂ, ಯಾವ ಎಳೆಯ ಚಾಲಕನಿಗೂ ತಲುಪುವುದಿಲ್ಲ ಎಂಬುದನ್ನು ಅವರ ಗಮನಕ್ಕೆ ತರಬೇಕಾಗಿದೆ. ಬೆಂಗಳೂರಿನವರೇ ಆದ ಅರ್ಜುನ್ ಮೈನಿ, ಕುಶ್ ಮೈನಿ ಸಹೋದರರು ಯುರೋಪಿನಲ್ಲಿ ಓಡಿಸುತ್ತಿರುವುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅವರಂಥ ಇನ್ನಿಬ್ಬರು ಹುಟ್ಟಬೇಕಾದರೆ ಇಲ್ಲಿನ ಸಣ್ಣ ರೇಸ್‌ಗಳು ಬದುಕಿರಬೇಕು.

ನಮ್ಮಲ್ಲಿ ಪ್ರೇಕ್ಷಕರೇ ಬರುವುದಿಲ್ಲ ಎನ್ನಲು ಗ್ರೇಟರ್ ನೋಯ್ಡಾದ ಬುದ್ಧ ಟ್ರ್ಯಾಕಿನ ಉದಾಹರಣೆಯನ್ನು ಕೊಡುವವರಿದ್ದಾರೆ. ಅಲ್ಲಿ 2011ರ ಮೊದಲ ಫಾರ್ಮುಲಾ ಒನ್ ರೇಸಿಗೆ ಸುಮಾರು 95 ಸಾವಿರ ಜನ ಸೇರಿದ್ದರು, ಮರುವರ್ಷ ಆ ಸಂಖ್ಯೆ ಬಹಳ ಇಳಿಯಿತು, 2013ರ ನಂತರ ರೇಸೇ ಇಲ್ಲವಾಯಿತು. ಆದರೆ ಅದರ ಸೋಲಿಗೆ ಪ್ರೇಕ್ಷಕರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಮನರಂಜನಾ ತೆರಿಗೆ, ಸುಂಕ, ಆದಾಯ ತೆರಿಗೆಯ ತಕರಾರುಗಳು ಹಾಗೂ ಸಂಘಟಕ ಕಂಪನಿಯ ಸಾಲದ ಹೊರೆ ಅದನ್ನು ಮುಳುಗಿಸಿದವು. ತೆರಿಗೆಯ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗುವಾಗ 2017 ಬಂದಿತ್ತು. ಗೇಟಿನ ಹಣ ಮಾತ್ರವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ನಾನು ಹೇಳುತ್ತಿಲ್ಲ. ದೊಡ್ಡ ರೇಸಿನಲ್ಲಿ ಸರ್ಕಾರದ ಪಾತ್ರ ದೊಡ್ಡದು. ಸಣ್ಣ, ಸಾಂಪ್ರದಾಯಿಕ ರೇಸಿನಲ್ಲಿ ಮಾತ್ರ ಐನೂರು ಜನ ಹೆಚ್ಚಾಗಿ ಬಂದರೂ ಲೆಕ್ಕವೇ ಬದಲಾಗುತ್ತದೆ.

ಕರ್ನಾಟಕದಲ್ಲಿ ರಾಷ್ಟ್ರೀಯ ಕಾರ್ ರೇಸಿಂಗ್ ನಡೆಯುವಂಥ ಶಾಶ್ವತ ಟ್ರ್ಯಾಕಿಲ್ಲ. ನಮ್ಮ ಪರಂಪರೆ ಊರಿನ, ತೋಟದ ದಾರಿಗಳಲ್ಲಿ ಕಾರುಗಳು ಒಂದೊಂದಾಗಿ ಸಮಯದ ಎದುರು ಓಡುವ ರ‍್ಯಾಲಿಯದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ದಶಕಗಳಿಂದ ನಡೆಸಿಕೊಂಡು ಬಂದಿರುವ ಕೆ-1000 ರ‍್ಯಾಲಿ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್‌ನ ಸುತ್ತುಗಳೂ ನಡೆದ ಚಿಕ್ಕಮಗಳೂರಿನ ರ‍್ಯಾಲಿ ದೇಶದ ಮೋಟಾರ್ ಕ್ರೀಡೆಯಲ್ಲಿ ಹೆಸರುವಾಸಿ. ಚಿಕ್ಕಮಗಳೂರಿನ ಕಾಫಿ ತೋಟದೊಳಗೆ, ಕಾರುಗಳ ಸಮಯ ಅಳೆಯುವ ದಾರಿಯ ಭಾಗವಾದ ಸ್ಪೆಷಲ್ ಸ್ಟೇಜಿನಲ್ಲಿ ನಾನು ನಿಂತು ನೋಡಿದ್ದೇನೆ. ಕಾರು ಕಣ್ಣಿಗೆ ಬೀಳುವ ಮುಂಚೆಯೇ ಗುಡ್ಡದ ಆಚೆಯಿಂದ ಎಂಜಿನ್ನಿನ ಸದ್ದು ಬರುತ್ತದೆ. ಮಾರ್ಷಲ್ ಸೀಟಿ ಊದಿ ಎಲ್ಲರನ್ನೂ ದರೆಯ ಮೇಲಕ್ಕೆ ಹತ್ತಿಸುತ್ತಾರೆ. ತಿರುವಿನಲ್ಲಿ ಹಿಂಭಾಗ ಜಾರಿಸಿಕೊಂಡು ಬಂದ ಕಾರು ಕೆಮ್ಮಣ್ಣನ್ನೂ ಕಲ್ಲನ್ನೂ ತೂರಿ ಹೋದ ಮೇಲೆ ಕಾಫಿ ಗಿಡದ ಎಲೆಗಳ ಬಣ್ಣವೇ ಬದಲಾಗಿರುತ್ತದೆ. ಒಂದೆರಡು ನಿಮಿಷಕ್ಕೆ ಮುಂದಿನ ಕಾರು. ತೋಟದ ಕಾರ್ಮಿಕರ ಮಕ್ಕಳು ಕಾರಿನ ನಂಬರನ್ನು ಕೂಗಿ ಹೇಳುತ್ತಿರುತ್ತಾರೆ. ಇಂಥ ನೋಟವನ್ನು ಯಾವ ಪರದೆಯೂ ಕೊಡಲಾರದು. ಅಲ್ಲಿ ನಮ್ಮಿಂದ ಯಾರೂ ಒಂದು ರೂಪಾಯಿ ಕೇಳಲಿಲ್ಲ, ಕೊಡಬೇಕೆಂದರೂ ಕೊಡುವ ಜಾಗ ಇರಲಿಲ್ಲ.

ಆ ಸ್ಟೇಜನ್ನು ನಡೆಸಲು ಮಾತ್ರ ಹಣ ಬೇಕು. ತೋಟದ ಮಾಲೀಕರ ಒಪ್ಪಿಗೆ, ಪಂಚಾಯಿತಿ ಮತ್ತು ಪೊಲೀಸ್ ಅನುಮತಿ, ಆಂಬುಲೆನ್ಸ್, ವೈದ್ಯರು, ವೈರ್‌ಲೆಸ್, ಮಾರ್ಷಲ್‌ಗಳ ಊಟ, ರ‍್ಯಾಲಿ ಮುಗಿದ ಮೇಲೆ ಕಿತ್ತುಹೋದ ದಾರಿಯ ರಿಪೇರಿ, ಇವೆಲ್ಲದರ ಖರ್ಚು ಸ್ಪರ್ಧಿಗಳ ಎಂಟ್ರಿ ಫೀ ಹಾಗೂ ಪ್ರಾಯೋಜಕರಿಂದಲೇ ಬರಬೇಕು. ಅಮೆರಿಕದ ಟ್ರ್ಯಾಕುಗಳ ಹಿಂದಿನ ಗೇಟಿನ ಸ್ಥಿತಿಯೇ ನಮ್ಮದೂ ಆಗಿದೆ, ವ್ಯತ್ಯಾಸವೆಂದರೆ ನಮಗೆ ಮುಂದಿನ ಗೇಟೇ ಇಲ್ಲ. ಸ್ಪರ್ಧಿಗಳಲ್ಲಿ ಅನೇಕರು ತೋಟದ ಆದಾಯವನ್ನೋ ಗ್ಯಾರೇಜಿನ ಸಂಪಾದನೆಯನ್ನೋ ಹಾಕಿ ಕಾರು ಸಿದ್ಧಪಡಿಸುವವರು. ಕಾಫಿ ಬೆಲೆ ಬಿದ್ದ ವರ್ಷ ಅಂಥವರು ಮನೆಯಲ್ಲೇ ಉಳಿಯುತ್ತಾರೆ.

ಆದ್ದರಿಂದ ಸಂಘಟಕರಲ್ಲಿ ನನ್ನ ಮೊದಲ ವಿನಂತಿ, ಪ್ರೇಕ್ಷಕರಿಂದ ಹಣ ತೆಗೆದುಕೊಳ್ಳಲು ಸಂಕೋಚಪಡಬೇಡಿ ಎಂಬುದು. ಪ್ರತಿ ಸ್ಟೇಜಿನಲ್ಲಿ ಸುರಕ್ಷಿತವಾದ ಒಂದು ಜಾಗ ಗುರುತಿಸಿ, ಅಲ್ಲಿ ನೆರಳು, ಕುಡಿಯುವ ನೀರು, ಹೆಣ್ಣುಮಕ್ಕಳು ಬಳಸಬಹುದಾದ ಶೌಚಾಲಯ ಒದಗಿಸಿ, ಯಾವ ಕಾರು ಯಾರದು, ಎಷ್ಟು ಸೆಕೆಂಡು ಹಿಂದಿದೆ ಎಂಬುದನ್ನು ಕನ್ನಡದಲ್ಲಿ ಹೇಳುವ ಒಬ್ಬ ವಿವರಣೆಗಾರರನ್ನು ಇಟ್ಟು, ನೂರೋ ಇನ್ನೂರೋ ರೂಪಾಯಿ ಟಿಕೆಟ್ ಇಟ್ಟರೆ ಬೆಂಗಳೂರಿನಿಂದ ಬರುವವರು ಖಂಡಿತ ಕೊಡುತ್ತಾರೆ. ಊರಿನವರಿಗೆ ಉಚಿತವಾಗಿಯೇ ಇರಲಿ, ಅವರ ನೆಲದಲ್ಲಿ ನಡೆಯುವ ಆಟ ಅದು. ವಾಹನ ನಿಲುಗಡೆಯ ಹಣದಲ್ಲಿ ಪಂಚಾಯಿತಿಗೂ ಪಾಲಿರಲಿ. ತಿಂಡಿಯ ಅಂಗಡಿಗಳನ್ನು ಊರಿನ ಸ್ವಸಹಾಯ ಸಂಘಗಳಿಗೆ ವಹಿಸಿದರೆ ರ‍್ಯಾಲಿಯನ್ನು ಧೂಳು ಮತ್ತು ಸದ್ದಿನ ಕಾಟವೆಂದು ನೋಡುವವರ ಮನಸ್ಸೂ ಸ್ವಲ್ಪ ಬದಲಾದೀತು. ರ‍್ಯಾಲಿಯ ಹೆಸರಿನ, ಗೆದ್ದ ಚಾಲಕರ ಹೆಸರಿನ ಅಂಗಿ-ಟೋಪಿಗಳು ಇಂದಿಗೂ ಮಾರಾಟಕ್ಕೆ ಸುಲಭವಾಗಿ ಸಿಗುವುದಿಲ್ಲ ಎಂಬುದು ನನಗೆ ಅರ್ಥವಾಗದ ವಿಷಯ.

ಅಭಿಮಾನಿ ಮಿತ್ರರಲ್ಲಿ ಕೇಳುವುದು ಇಷ್ಟೇ. ವರ್ಷಕ್ಕೊಮ್ಮೆ ಕೊಯಮತ್ತೂರಿಗೋ ಇರುಂಗಾಟ್ಟುಕೋಟ್ಟೈಗೋ ಹೋಗಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಒಂದು ಸುತ್ತನ್ನು ಟಿಕೆಟ್ ಕೊಂಡು ನೋಡಿ, ಟಿಕೆಟ್ ಇಲ್ಲದಿದ್ದರೆ ಅಲ್ಲಿನ ಕ್ಯಾಂಟೀನಿನಲ್ಲಾದರೂ ಊಟ ಮಾಡಿ. ಫಾರ್ಮುಲಾ ಒನ್ ಪಿಟ್‌ನ ಹತ್ತಿರ ಹೋಗಲು ಲಕ್ಷಗಟ್ಟಲೆ ಕೊಡಬೇಕು. ಇಲ್ಲಿ ಕೆಲವೇ ಹೆಜ್ಜೆ ದೂರದಲ್ಲಿ ನಿಂತು ಮೆಕ್ಯಾನಿಕ್ಕು ಟೈರಿನ ಗಾಳಿ ಅಳೆಯುವುದನ್ನು ನೋಡಬಹುದು, ರೇಸ್ ಮುಗಿಸಿ ಬಂದ ಚಾಲಕರನ್ನು ಮಾತಾಡಿಸಬಹುದು. ಮಕ್ಕಳನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಕೊನೆಯದಾಗಿ ಪತ್ರಿಕೆಯವರಾದ ತಮ್ಮಲ್ಲೂ ಒಂದು ಕೋರಿಕೆ ಇದೆ. ಯುರೋಪಿನ ರೇಸಿನ ಫಲಿತಾಂಶ ಸೋಮವಾರ ಬೆಳಿಗ್ಗೆ ತಪ್ಪದೆ ಕ್ರೀಡಾ ಪುಟದಲ್ಲಿ ಬರುತ್ತದೆ. ಚಿಕ್ಕಮಗಳೂರಿನಲ್ಲಿ ಮುಂದಿನ ವಾರ ರ‍್ಯಾಲಿ ಇದೆ ಎಂಬುದು ಮುಗಿದ ಮೇಲೆ ಗೆದ್ದವರ ಫೋಟೊ ಮೂಲಕ ತಿಳಿಯುತ್ತದೆ. ರಾಷ್ಟ್ರೀಯ ರೇಸಿಂಗ್ ಹಾಗೂ ರ‍್ಯಾಲಿ ಚಾಂಪಿಯನ್‌ಶಿಪ್‌ಗಳ ವೇಳಾಪಟ್ಟಿ ಪ್ರಕಟವಾದ ಕೂಡಲೇ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿ, ಪ್ರತಿ ಸುತ್ತಿಗೆ ಒಂದು ವಾರ ಮುಂಚೆ ಸ್ಥಳ, ಸಮಯ, ಹೋಗುವ ದಾರಿ, ಟಿಕೆಟ್ ಇದ್ದರೆ ಅದರ ಬೆಲೆ ಇಷ್ಟನ್ನು ಸಂಬಂಧಪಟ್ಟ ಜಿಲ್ಲಾ ಆವೃತ್ತಿಯಲ್ಲೂ ಬೆಂಗಳೂರು ಆವೃತ್ತಿಯಲ್ಲೂ ಕೊಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಮೋಟಾರ್ ಕ್ರೀಡೆಯ ಅಭಿಮಾನಿ ಓದುಗ,
ಮಲ್ಲೇಶ್ವರಂ, ಬೆಂಗಳೂರು